ನಾಗಪುರದ ಕೈಗಾರಿಕಾ ಪರಂಪರೆ: ಉಳಿದದ್ದು, ಅಳಿದದ್ದು, ಉಳಿಸುವವರು

ನಾಗಪುರವನ್ನು ಕೈಗಾರಿಕಾ ನಗರವನ್ನಾಗಿ ಬೆಳೆಸಿದವು ಹತ್ತಿ, ರೈಲು ಮತ್ತು ಮ್ಯಾಂಗನೀಸ್ ಅದಿರು. ಹತ್ತಿಯಿಂದ ಗಿರಣಿಗಳು ಬಂದವು. ರೈಲಿನಿಂದ ಕಾರ್ಖಾನೆ, ಗೋದಾಮು, ಕಾರ್ಮಿಕರ ವಸತಿಗಳು ಬಂದವು. ಅದಿರಿನಿಂದ ಸುತ್ತಲಿನ ಗುಡ್ಡಗಾಡು ಗಣಿ ಪ್ರದೇಶವಾಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾದ ಈ ಬೆಳವಣಿಗೆಯ ಕುರುಹುಗಳು ಇಂದಿಗೂ ಊರಿನ ತುಂಬ ಇವೆ. ಕೆಲವು ಸರ್ಕಾರದ ರಕ್ಷಣೆಯಲ್ಲಿವೆ, ಹಲವು ನೆಲಸಮವಾಗಿವೆ, ಇನ್ನು ಕೆಲವು ನಿವೃತ್ತ ಕಾರ್ಮಿಕರ ನೆನಪಿನಲ್ಲಿ, ಅವರ ಮನೆಯ ಟ್ರಂಕುಗಳಲ್ಲಿ ಉಳಿದಿವೆ. ಈ ಮೂರನೆಯ ಬಗೆಯ ಆಸ್ತಿಯನ್ನು ಕಾಯುವ ಕೆಲಸ ಎಲ್ಲೆಡೆಯೂ ಸ್ಥಳೀಯ ಸ್ವಯಂಸೇವಕರ ಪಾಲಿಗೇ ಬಂದಿದೆ.

ಗಿರಣಿಗೆ ಮೊದಲು

ಗಿರಣಿಗಳು ಬರುವುದಕ್ಕೆ ಬಹಳ ಮೊದಲೇ ನಾಗಪುರ ನೇಕಾರರ ಊರಾಗಿತ್ತು. ಭೋಸಲೆ ಅರಸರ ಕಾಲದಲ್ಲಿ ಮಹಾಲ್, ಇತ್ವಾರಿ, ಪಾಚ್‌ಪಾವಲಿ ಪೇಟೆಗಳ ಸುತ್ತ ಕೋಷ್ಟಿ ನೇಕಾರರು ನೆಲೆಸಿದ್ದರು. ಮೋಮಿನ್ ನೇಕಾರರ ಕೇರಿ ಇಂದಿಗೂ ಮೋಮಿನ್‌ಪುರ ಎಂಬ ಹೆಸರನ್ನು ಉಳಿಸಿಕೊಂಡಿದೆ. ಹಳ್ಳಿಗಳಲ್ಲಿ ಮಹಾರ್ ಸಮುದಾಯದವರು ದಪ್ಪ ನೂಲಿನ ಒರಟು ಬಟ್ಟೆ ನೇಯುತ್ತಿದ್ದರು. ನಾಗಪುರದ ಸೀರೆಗೂ ಸಮೀಪದ ಉಮ್ರೇಡಿನ ರೇಷ್ಮೆ ಅಂಚಿನ ಧೋತರಕ್ಕೂ ದೂರದೂರದಲ್ಲಿ ಬೇಡಿಕೆಯಿತ್ತು. ಮುಂದೆ ಗಿರಣಿಗಳಿಗೆ ನುರಿತ ಕೈಗಳು ಸಿಕ್ಕಿದ್ದು ಈ ಸಮುದಾಯಗಳಿಂದಲೇ.

1854ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಭೋಸಲೆ ರಾಜ್ಯವನ್ನು ತನ್ನದಾಗಿಸಿಕೊಂಡಿತು. 1861ರಲ್ಲಿ ಮಧ್ಯಪ್ರಾಂತ ರಚನೆಯಾಗಿ ನಾಗಪುರ ಅದರ ರಾಜಧಾನಿಯಾಯಿತು. 1863ರಲ್ಲಿ ಅಲ್ಲಿ ಕೇಂದ್ರ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ಊರಿನವರು ಅದನ್ನು 'ಅಜಬ್ ಬಂಗ್ಲಾ' ಎಂದು ಕರೆದರು, ಈಗಲೂ ಹಾಗೆಯೇ ಕರೆಯುತ್ತಾರೆ. 1865ರಲ್ಲಿ ಪ್ರಾಂತದ ಕಸುಬು, ತಯಾರಿಕೆ ಮತ್ತು ಬೆಳೆಗಳ ದೊಡ್ಡ ಪ್ರದರ್ಶನವೊಂದು ನಾಗಪುರದಲ್ಲಿ ನಡೆಯಿತು. ಆಡಳಿತಕ್ಕೆ ಬೇಕಾಗಿದ್ದದ್ದು ಪ್ರಾಂತದ ಸಂಪತ್ತಿನ ಲೆಕ್ಕ. ಆದರೂ ಆ ನೆವದಲ್ಲಿ ಮಗ್ಗ, ಬಟ್ಟೆ, ಲೋಹ, ಖನಿಜಗಳ ಮಾದರಿಗಳು ಒಂದೆಡೆ ಸೇರಿ ದಾಖಲಾದವು.

ಅದೇ ವರ್ಷಗಳಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಾಷೈರಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಇಂಗ್ಲೆಂಡಿನ ಗಿರಣಿಗಳ ಕಣ್ಣು ವರ್ಹಾಡ ಮತ್ತು ನಾಗಪುರ ಸೀಮೆಯ ಕರಿಮಣ್ಣಿನ ಮೇಲೆ ಬಿತ್ತು. ಹಿಂಗನಘಾಟಿನ ಹತ್ತಿ ಮುಂಬಯಿ ಮಾರುಕಟ್ಟೆಯಲ್ಲಿ ಊರಿನ ಹೆಸರಿನಿಂದಲೇ ಮಾರಾಟವಾಗುತ್ತಿತ್ತು. ಎತ್ತಿನ ಗಾಡಿಗಳಲ್ಲಿ ವಾರಗಟ್ಟಲೆ ಸಾಗುತ್ತಿದ್ದ ಈ ಸರಕನ್ನು ಬಂದರಿಗೆ ಬೇಗ ತಲುಪಿಸಲು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮುಂಬಯಿಯಿಂದ ಹಳಿ ಹಾಕುತ್ತ ಬಂದು 1867ರಲ್ಲಿ ನಾಗಪುರವನ್ನು ಮುಟ್ಟಿತು. ಹಳಿಯ ಉದ್ದಕ್ಕೂ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳೂ ಅರಳೆಯನ್ನು ಬಿಗಿದು ಅಂಡಿಗೆ ಕಟ್ಟುವ ಪ್ರೆಸ್ಸುಗಳೂ ಎದ್ದವು.

ಎಂಪ್ರೆಸ್ ಮಿಲ್

ಬಟ್ಟೆ ಗಿರಣಿಗಳೆಲ್ಲ ಮುಂಬಯಿಯಲ್ಲಿ ತಲೆಯೆತ್ತುತ್ತಿದ್ದ ಕಾಲದಲ್ಲಿ ಜಮ್‌ಸೇಟ್‌ಜಿ ನುಸರ್ವಾನ್‌ಜಿ ಟಾಟಾ ನಾಗಪುರವನ್ನು ಆರಿಸಿಕೊಂಡರು. ಹತ್ತಿ ಬೆಳೆಯುವ ನೆಲ, ಬಟ್ಟೆ ಕೊಳ್ಳುವ ಸಂತೆ, ಉಗಿಯಂತ್ರಕ್ಕೆ ಬೇಕಾದ ಇಂಧನ, ಈ ಮೂರೂ ಒಂದಕ್ಕೊಂದು ಹತ್ತಿರವಿರಬೇಕು ಎಂಬುದು ಅವರ ಲೆಕ್ಕಾಚಾರ. ವರೋರಾದ ಕಲ್ಲಿದ್ದಲ ಗಣಿ ನಾಗಪುರದಿಂದ ದೂರವಿರಲಿಲ್ಲ. 1874ರಲ್ಲಿ 15 ಲಕ್ಷ ರೂಪಾಯಿ ಬಂಡವಾಳದ ಸೆಂಟ್ರಲ್ ಇಂಡಿಯಾ ಸ್ಪಿನ್ನಿಂಗ್, ವೀವಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಸ್ಥಾಪನೆಯಾಯಿತು.

ಗಿರಣಿಗೆ ಕೊಂಡ ಜಾಗ ಜುಮ್ಮಾ ತಲಾವ್ ಎಂಬ ಕೆರೆಯ ಬಳಿಯ ಜೌಗು ನೆಲ. ಅದನ್ನು ಮಣ್ಣಿನಿಂದ ತುಂಬಿಸಿ ಗಟ್ಟಿ ಮಾಡಬೇಕಿತ್ತು. ಕಂಪನಿಯಲ್ಲಿ ಹಣ ಹೂಡಲು ಒಪ್ಪದ ಮಾರವಾಡಿ ಸಾಹುಕಾರರೊಬ್ಬರು ಟಾಟಾ ಚಿನ್ನವನ್ನು ಮಣ್ಣಿಗೆ ಸುರಿಯುತ್ತಿದ್ದಾರೆ ಎಂದಿದ್ದರಂತೆ. ಗಿರಣಿ ಲಾಭ ಮಾಡತೊಡಗಿದಾಗ ಅದೇ ಸಾಹುಕಾರರು, ಟಾಟಾ ಮಣ್ಣು ಹಾಕಿ ಚಿನ್ನ ತೆಗೆದರು ಎಂದು ಒಪ್ಪಿಕೊಂಡರಂತೆ. ನಾಗಪುರದಲ್ಲಿ ಈ ಮಾತು ಬಹುಕಾಲ ಓಡಾಡಿತು.

1877ರ ಜನವರಿ 1ರಂದು ಗಿರಣಿ ಆರಂಭವಾಯಿತು. ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ದೆಹಲಿಯ ದರ್ಬಾರಿನಲ್ಲಿ ಸಾರಿದ್ದು ಅದೇ ದಿನ. ಗಿರಣಿಗೆ ಎಂಪ್ರೆಸ್ ಎಂಬ ಹೆಸರು ಬಂದದ್ದು ಹೀಗೆ. ಆರಂಭದಲ್ಲಿ ಸುಮಾರು 30,000 ಕದಿರುಗಳೂ 450 ಮಗ್ಗಗಳೂ ಇದ್ದವು. ವ್ಯವಸ್ಥಾಪಕರಾಗಿ ಬಂದ ಬೆಜೋನ್‌ಜಿ ಮೆಹ್ತಾ ರೈಲ್ವೆಯಲ್ಲಿ ದುಡಿದವರು. ಬಟ್ಟೆ ಉದ್ಯಮದ ಅನುಭವ ಅವರಿಗಿರಲಿಲ್ಲ. ಯಂತ್ರಗಳ ಉಸ್ತುವಾರಿಗೆ ಲ್ಯಾಂಕಾಷೈರಿನಿಂದ ಜೇಮ್ಸ್ ಬ್ರುಕ್ಸ್‌ಬಿ ಬಂದರು. ಮೊದಲ ವರ್ಷಗಳ ತೊಡಕುಗಳನ್ನು ದಾಟಿಸಿ ಗಿರಣಿಯನ್ನು ನಿಲ್ಲಿಸಿದ್ದು ಇವರಿಬ್ಬರ ಜೋಡಿ.

ತಂತ್ರಜ್ಞಾನದ ಚರಿತ್ರೆಯಲ್ಲಿ ಎಂಪ್ರೆಸ್ ಮಿಲ್ಲಿಗೆ ಸ್ಥಾನ ಸಿಕ್ಕಿರುವುದು ರಿಂಗ್ ಕದಿರಿನಿಂದ. ಆವರೆಗೆ ಬಳಕೆಯಲ್ಲಿದ್ದ ಮ್ಯೂಲ್ ಯಂತ್ರ ನೂಲನ್ನು ಎಳೆದು ಹುರಿ ಮಾಡುವುದು ಒಮ್ಮೆ, ಸುತ್ತುವುದು ಇನ್ನೊಮ್ಮೆ. ರಿಂಗ್ ಕದಿರು ಎರಡನ್ನೂ ಬಿಡುವಿಲ್ಲದೆ ಒಟ್ಟಿಗೇ ಮಾಡುತ್ತದೆ. ಅದರಿಂದ ವೇಗ ಹೆಚ್ಚುತ್ತದೆ, ಅದನ್ನು ನಡೆಸುವ ಕೈಗೆ ಮ್ಯೂಲಿನಷ್ಟು ದೀರ್ಘ ತರಬೇತಿಯೂ ಬೇಡ. ಲ್ಯಾಂಕಾಷೈರಿನ ಮಾಲೀಕರು ಈ ಹೊಸ ಯಂತ್ರದ ಬಗ್ಗೆ ಅನುಮಾನ ಇಟ್ಟುಕೊಂಡಿದ್ದ 1880ರ ದಶಕದಲ್ಲಿಯೇ ನಾಗಪುರದಲ್ಲಿ ಎರಡು ಯಂತ್ರಗಳನ್ನು ತರಿಸಿ ಪರೀಕ್ಷಿಸಲಾಯಿತು. ಫಲ ಕಂಡ ಮೇಲೆ ಗಿರಣಿ ಹಂತಹಂತವಾಗಿ ರಿಂಗ್‌ಗೆ ಹೊರಳಿತು. ಗಾಳಿಯಲ್ಲಿ ತೇವ ಕಾಯುವ ಯಂತ್ರವನ್ನೂ ಬೆಂಕಿ ನಂದಿಸುವ ನೀರಿನ ಕೊಳವೆಗಳನ್ನೂ ಅಳವಡಿಸಲಾಯಿತು. ವಿದರ್ಭದ ಒಣ ಬೇಸಿಗೆಯಲ್ಲಿ ನೂಲು ಪದೇ ಪದೇ ಕಡಿಯುತ್ತದೆ, ಹತ್ತಿಯ ಧೂಳಿಗೆ ಒಂದು ಕಿಡಿ ಸಾಕು. ಈ ಏರ್ಪಾಟುಗಳಿಗೆ ಅದೇ ಕಾರಣ.

ಮೊದಲ ವರ್ಷಗಳಲ್ಲಿ ಕೆಲಸಗಾರರ ಹಾಜರಿ ನಿಯತವಾಗಿರಲಿಲ್ಲ. ಅದನ್ನು ಸರಿಪಡಿಸಲು ಬಹುಮಾನ, ಪದಕ, ಬೋನಸ್ಸುಗಳು ಬಂದವು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಆರಂಭವಾದವು. ದೇಶದಲ್ಲಿ ಇವುಗಳಿಗೆ ಕಾನೂನಿನ ಒತ್ತಾಯ ಬರಲು ಇನ್ನೂ ದಶಕಗಳು ಬೇಕಿದ್ದವು. 20ನೆಯ ಶತಮಾನದಲ್ಲಿ ವಸತಿಯ ಪ್ರಯತ್ನವೂ ನಡೆಯಿತು. ಇಂದೋರಾದಲ್ಲಿ ಕಂಪನಿ ಕಾರ್ಮಿಕರಿಗಾಗಿ ಮಾದರಿ ಗ್ರಾಮ ಕಟ್ಟಲು ಹೊರಟಿತು. ಬಸ್ತಿಗಳಲ್ಲಿ ಕಲ್ಯಾಣ ಕಾರ್ಯ ನಡೆಸಲು ವೈಎಂಸಿಎ ಸಂಸ್ಥೆಯನ್ನು ಕರೆಸಿತು. 1931ರಲ್ಲಿ ವರದಿ ಕೊಟ್ಟ ರಾಯಲ್ ಲೇಬರ್ ಕಮಿಷನ್ ಕೂಡ ಈ ಕೆಲಸವನ್ನು ಗಮನಿಸಿತು.

ಗಿರಣಿಯ ಚರಿತ್ರೆ ಮಾಲೀಕರ ಔದಾರ್ಯದ ಕಥೆಯಾಗಿ ಮಾತ್ರ ಉಳಿದರೆ ಅರ್ಧ ಹೇಳಿದಂತಾಗುತ್ತದೆ. ಎಂಪ್ರೆಸ್ ಮಿಲ್ ಮತ್ತು ಊರಿನ ಇನ್ನೊಂದು ಗಿರಣಿಯಾದ ಮಾಡೆಲ್ ಮಿಲ್ಲಿನ ಕಾರ್ಮಿಕರು ರಾಮಚಂದ್ರ ರುಯಿಕರ್ ಅವರಂಥ ನಾಯಕರೊಂದಿಗೆ ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದರು. 1929ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧಿವೇಶನ ನಾಗಪುರದಲ್ಲಿಯೇ ನಡೆಯಿತು. ಜವಾಹರಲಾಲ್ ನೆಹರೂ ಅಧ್ಯಕ್ಷತೆ ವಹಿಸಿದ್ದ ಆ ಸಭೆಯಲ್ಲಿ ಸಂಘಟನೆ ಒಡೆದು ಎರಡಾಯಿತು. ಹಳ್ಳಿಯ ಜಾತಿಕಟ್ಟಳೆಯಿಂದ ಹೊರಬಂದ ಮಹಾರ್ ಕುಟುಂಬಗಳಿಗೆ ಗಿರಣಿಯ ಪಗಾರ ಒಂದಿಷ್ಟು ನೆಲೆ ಕೊಟ್ಟಿತು. ಶಾಲೆ, ಸಂಘ, ಅಂಬೇಡ್ಕರ್ ಚಳವಳಿ ಬೆಳೆದ ಬಸ್ತಿಗಳಲ್ಲಿ ಇಂದೋರಾದ ಹೆಸರು ದೊಡ್ಡದು. 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ್ದು ಈ ಊರಿನಲ್ಲಿಯೇ. ನಾಗಪುರದ ಮಹಾರ್ ಬಸ್ತಿಯ ಬದುಕನ್ನು ವಸಂತ ಮೂನ್ ತಮ್ಮ 'ವಸ್ತಿ' ಎಂಬ ಮರಾಠಿ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಕಂಪನಿಯ ವರದಿಗಳಲ್ಲಿ ಸಿಗದ ನಾಗಪುರ ಇಂಥ ಬರಹಗಳಲ್ಲಿ ಸಿಗುತ್ತದೆ.

ಹಳಿ ಮತ್ತು ಅದಿರು

ಪಶ್ಚಿಮದಿಂದ ಬಂದ ಹಳಿ ನಾಗಪುರದಲ್ಲಿ ನಿಂತಿತ್ತು. ಅಲ್ಲಿಂದ ಪೂರ್ವಕ್ಕೆ, ಛತ್ತೀಸಗಢದ ಭತ್ತದ ಸೀಮೆಗೆ, 1880ರ ದಶಕದ ಆರಂಭದಲ್ಲಿ ಮೀಟರ್‌ಗೇಜ್ ಮಾರ್ಗ ಬಂತು. 1887ರಲ್ಲಿ ಸ್ಥಾಪನೆಯಾದ ಬಂಗಾಳ ನಾಗಪುರ ರೈಲ್ವೆ ಅದನ್ನು ಕೊಂಡು ಬ್ರಾಡ್‌ಗೇಜ್ ಆಗಿ ಬದಲಿಸಿ ಕಲ್ಕತ್ತೆಯ ಕಡೆಗೆ ಬೆಳೆಸಿತು. ಗುಡ್ಡ, ಕಾಡುಗಳ ಸೀಮೆಗೆ ಅದೇ ಕಂಪನಿ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿಗಳನ್ನು ಹಾಕಿತು. ಗೋಂದಿಯಾದಿಂದ ನೈನಪುರ, ಜಬಲಪುರ, ಛಿಂದವಾಡಾಗಳತ್ತ ಸಾತ್ಪುಡಾ ಮಾರ್ಗಗಳು 1903ರಿಂದ ಆರಂಭವಾದವು. 1908ರಲ್ಲಿ ನಾಗಪುರದಿಂದ ನಾಗಭೀಡಿಗೆ ರೈಲು ಓಡಿತು. ಅಗಲ ಕಡಿಮೆಯಾದಷ್ಟೂ ತಿರುವುಗಳನ್ನು ಬಿಗಿಯಾಗಿ ತೆಗೆಯಬಹುದು, ಸೇತುವೆ ಸುರಂಗಗಳ ಖರ್ಚು ಇಳಿಯುತ್ತದೆ. ಕಟ್ಟಿಗೆ, ಧಾನ್ಯ, ಕಲ್ಲಿದ್ದಲು, ಅದಿರು, ಸಂತೆಗೆ ಹೊರಟ ಜನ, ಎಲ್ಲವನ್ನೂ ಈ ಪುಟ್ಟ ಗಾಡಿಗಳು ಹೊತ್ತವು. ಅವುಗಳ ದುರಸ್ತಿಗೆ ನಾಗಪುರದ ಮೋತಿಬಾಗ್‌ನಲ್ಲಿ ವರ್ಕ್‌ಶಾಪ್ ಇತ್ತು.

ಇದೇ ಕಾಲದಲ್ಲಿ ಮ್ಯಾಂಗನೀಸ್ ಬಂತು. ಉಕ್ಕನ್ನು ಗಟ್ಟಿ ಮಾಡಲು ಬೇಕಾದ ಈ ಅದಿರಿನ ಗಣಿಗಾರಿಕೆ ಭಾರತದಲ್ಲಿ ಮೊದಲು ಆರಂಭವಾದದ್ದು 1892ರಲ್ಲಿ, ವಿಜಯನಗರಂ ಸೀಮೆಯಲ್ಲಿ. 1896ರಲ್ಲಿ ಸೆಂಟ್ರಲ್ ಪ್ರಾವಿನ್ಸಸ್ ಪ್ರಾಸ್ಪೆಕ್ಟಿಂಗ್ ಸಿಂಡಿಕೇಟ್ ಎಂಬ ಬ್ರಿಟಿಷ್ ಕಂಪನಿ ಹುಟ್ಟಿತು. ಶತಮಾನ ತಿರುಗುವ ಹೊತ್ತಿಗೆ ನಾಗಪುರ ಜಿಲ್ಲೆಯ ಮನ್ಸರ್, ಕಾಂದ್ರಿ, ಗುಮಗಾಂವ್ ಕಡೆಯ ಗುಡ್ಡಗಳಲ್ಲಿ ಅಗೆತ ಶುರುವಾಗಿತ್ತು. 1905ರ ಸುಮಾರಿಗೆ ರಷ್ಯದಲ್ಲಿ ಗಲಭೆಯೆದ್ದು ಅಲ್ಲಿನ ಅದಿರಿನ ಪೂರೈಕೆ ಕುಸಿದಾಗ ಭಾರತದ ಗಣಿಗಳಿಗೆ ಸುಗ್ಗಿ. ಭೂವಿಜ್ಞಾನ ಸರ್ವೇಕ್ಷಣೆಯ ಎಲ್. ಎಲ್. ಫರ್ಮರ್ 1909ರಲ್ಲಿ ಈ ನಿಕ್ಷೇಪಗಳ ಮೇಲೆ ಬೃಹತ್ ಗ್ರಂಥವನ್ನೇ ಪ್ರಕಟಿಸಿದರು. ಆ ಬ್ರಿಟಿಷ್ ಕಂಪನಿಯ ಗಣಿಗಳು 1962ರಲ್ಲಿ ಮ್ಯಾಂಗನೀಸ್ ಓರ್ ಇಂಡಿಯಾ ಸಂಸ್ಥೆಯ ಕೈಗೆ ಬಂದವು. ಇಂದಿನ ಮೋಯಿಲ್ ಅದೇ. ಅದರ ಮುಖ್ಯ ಕಚೇರಿ ನಾಗಪುರದಲ್ಲಿದೆ.

ಗಣಿಗಳ ಈ ಚರಿತ್ರೆಯಲ್ಲಿ ಅಜಬ್ ಬಂಗ್ಲಾಕ್ಕೂ ಒಂದು ಪಾತ್ರವಿದೆ. ಉಕ್ಕಿನ ಕಾರ್ಖಾನೆಗೆ ಚಾಂದಾ ಜಿಲ್ಲೆಯಲ್ಲಿ ಅದಿರು ಹುಡುಕಿ ನಿರಾಶರಾಗಿದ್ದ ಜಮ್‌ಸೇಟ್‌ಜಿಯವರ ಮಗ ದೊರಾಬ್‌ಜಿ ಟಾಟಾ ಅಧಿಕಾರಿಯೊಬ್ಬರನ್ನು ಕಾಣಲು ನಾಗಪುರದ ಸಚಿವಾಲಯಕ್ಕೆ ಬಂದರು. ಅಧಿಕಾರಿ ಇರಲಿಲ್ಲ. ಕಾಯುವ ಹೊತ್ತು ಕಳೆಯಲು ಎದುರಿನ ವಸ್ತುಸಂಗ್ರಹಾಲಯಕ್ಕೆ ಹೋದಾಗ ಗೋಡೆಯ ಮೇಲೆ ಪ್ರಾಂತದ ಭೂವೈಜ್ಞಾನಿಕ ನಕ್ಷೆ ಕಂಡಿತು. ದುರ್ಗ್ ಸೀಮೆಯ ಭಾಗಕ್ಕೆ ಕಬ್ಬಿಣದ ಅದಿರನ್ನು ಸೂಚಿಸುವ ದಟ್ಟ ಬಣ್ಣ ಬಳಿದಿತ್ತು. ಭೂವಿಜ್ಞಾನಿ ಪ್ರಮಥನಾಥ ಬೋಸ್ ಹಿಂದೆ ನಡೆಸಿದ್ದ ಸಮೀಕ್ಷೆಯ ಫಲ ಅದು. ಹುಡುಕಾಟ ಆ ಕಡೆ ತಿರುಗಿ ಧಲ್ಲಿ-ರಾಜಹರಾ ಬೆಟ್ಟಗಳ ಅದಿರು ಗೊತ್ತಾಯಿತು. ಟಾಟಾ ಕಾರ್ಖಾನೆ ಕೊನೆಗೆ ಬೇರೆ ಕಡೆ ನಿಂತಿತು, ಆದರೆ ಧಲ್ಲಿ-ರಾಜಹರಾದ ಅದಿರು ಮುಂದೆ ಭಿಲಾಯಿಯ ಕುಲುಮೆಗಳಿಗೆ ಹೋಯಿತು. ಯಾರೋ ಜೋಪಾನವಾಗಿ ತೂಗುಹಾಕಿದ್ದ ಒಂದು ನಕ್ಷೆ ಉದ್ಯಮದ ದಿಕ್ಕು ಬದಲಿಸಿದ ಉದಾಹರಣೆ ಇದು.

ಅಳಿದದ್ದು

ಎಂಪ್ರೆಸ್ ಮಿಲ್ ಸಮೂಹ ಐದು ಗಿರಣಿಗಳವರೆಗೆ ಬೆಳೆದಿತ್ತು. ನಾಗಪುರದಲ್ಲಿ ಮಾಡೆಲ್ ಮಿಲ್, ಸುತ್ತಲಿನ ಹಿಂಗನಘಾಟ್, ಪುಲಗಾಂವ್, ಬಡ್ನೇರಾ, ಅಚಲಪುರಗಳಲ್ಲಿ ಬೇರೆ ಗಿರಣಿಗಳು ಇದ್ದವು. ಸ್ವಾತಂತ್ರ್ಯದ ನಂತರ ಹಳೆಯ ಯಂತ್ರಗಳು, ವಿದ್ಯುತ್ ಮಗ್ಗಗಳ ಪೈಪೋಟಿ, ಬಂಡವಾಳದ ಕೊರತೆ ಸೇರಿ ದೇಶದ ಗಿರಣಿಗಳನ್ನು ಕುಗ್ಗಿಸಿದವು. 1986ರಲ್ಲಿ ಎಂಪ್ರೆಸ್ ಮಿಲ್ ಮಹಾರಾಷ್ಟ್ರ ರಾಜ್ಯ ಜವಳಿ ನಿಗಮದ ಕೈಗೆ ಬಂತು. ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಆ ಜಾಗದಲ್ಲೀಗ ಎಂಪ್ರೆಸ್ ಸಿಟಿ ಎಂಬ ಮಾಲ್ ಇದೆ. ಟಾಟಾ ಮನೆತನದ ಆರಂಭದ ಸಂಪತ್ತಿಗೆ ಅಡಿಪಾಯವಾದ ಗಿರಣಿ ಇದು. ಮುಂದೆ ಉಕ್ಕು, ಜಲವಿದ್ಯುತ್ತಿನ ಸಾಹಸಗಳಿಗೂ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಗೂ ಕಾರಣವಾದ ಆತ್ಮವಿಶ್ವಾಸ ಬೆಳೆದದ್ದು ಇಲ್ಲಿ. ಊರಿನ ಬಾಯಲ್ಲಿ ಅದರ ಹೆಸರು ಉಳಿದಿದೆ, ಕದಿರುಗಳ ಸಾಲು ಉಳಿದಿಲ್ಲ.

ನ್ಯಾರೋಗೇಜ್ ಮಾರ್ಗಗಳೂ ಒಂದೊಂದಾಗಿ ಮುಗಿದವು. ಛಿಂದವಾಡಾ-ನಾಗಪುರ ಮಾರ್ಗ 2015ರಲ್ಲಿ, ನಾಗಪುರ-ನಾಗಭೀಡ್ ಮಾರ್ಗ 2019ರಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗಾಗಿ ಮುಚ್ಚಿದವು. ಪ್ರಯಾಣಿಕರಿಗೆ ಇದರಿಂದ ಅನುಕೂಲವೇ ಆಗುತ್ತದೆ. ಆದರೆ ಹಳೆಯ ನಿಲ್ದಾಣ, ಸಿಗ್ನಲ್ ಕಂಬ, ನೀರಿನ ತೊಟ್ಟಿ, ಕಲ್ಲಿನ ಸೇತುವೆಗಳು ಕಿತ್ತುಹೋಗುವ ಮೊದಲು ಅಳತೆ, ಚಿತ್ರ, ವಿವರಗಳೊಂದಿಗೆ ದಾಖಲಾಗದಿದ್ದರೆ ಮತ್ತೆ ಸಿಗುವುದಿಲ್ಲ.

ಉಳಿದದ್ದು

ರೈಲಿನ ಪರಂಪರೆಗೆ ಒಬ್ಬ ವಾರಸುದಾರರಿದ್ದರು. 2002ರ ಡಿಸೆಂಬರ್ 14ರಂದು ಮೋತಿಬಾಗ್‌ನಲ್ಲಿ ರೈಲ್ವೆ ಇಲಾಖೆ ನ್ಯಾರೋಗೇಜ್ ರೈಲು ವಸ್ತುಸಂಗ್ರಹಾಲಯವನ್ನು ತೆರೆಯಿತು. ಹಳೆಯ ಉಗಿ ಎಂಜಿನ್‌ಗಳು, ಬೋಗಿಗಳು, ದೀಪ, ಗಡಿಯಾರ, ಸಿಗ್ನಲ್ ಉಪಕರಣಗಳು ಅಲ್ಲಿವೆ. ಸಾವನೇರಿನ ಮರಳುಗಲ್ಲಿನಿಂದ ಕಟ್ಟಿ 1925ರ ಜನವರಿ 15ರಂದು ಗವರ್ನರ್ ಫ್ರಾಂಕ್ ಸ್ಲೈ ಉದ್ಘಾಟಿಸಿದ ನಾಗಪುರ ರೈಲು ನಿಲ್ದಾಣ ಬಳಕೆಯಲ್ಲಿದ್ದುಕೊಂಡೇ ಉಳಿದಿದೆ. ಸಮೀಪದಲ್ಲಿ ದೆಹಲಿ-ಚೆನ್ನೈ ಮತ್ತು ಮುಂಬಯಿ-ಹೌರಾ ಹಳಿಗಳು ಒಂದನ್ನೊಂದು ಕತ್ತರಿಸುವ ಡೈಮಂಡ್ ಕ್ರಾಸಿಂಗ್ ರೈಲು ಪ್ರೇಮಿಗಳಿಗೆ ಯಾತ್ರಾಸ್ಥಳ. ಟಾಟಾ ಕಂಪನಿಯ ಕಾಗದಪತ್ರಗಳ ವಿಷಯದಲ್ಲಿ ಪುಣೆಯ ಟಾಟಾ ಕೇಂದ್ರ ಪತ್ರಾಗಾರ ಮುಖ್ಯ ಆಕರ.

ನಗರದ ಪಾರಂಪರಿಕ ಕಟ್ಟಡಗಳಿಗೆ ಶ್ರೇಣಿ ಕೊಟ್ಟು ಪಟ್ಟಿ ಮಾಡುವ, ಬದಲಾವಣೆಗೆ ಅನುಮತಿ ನೋಡುವ ಪರಂಪರೆ ಸಂರಕ್ಷಣಾ ಸಮಿತಿ ನಾಗಪುರದಲ್ಲಿದೆ. ಪರಂಪರೆಯ ಸಂರಕ್ಷಣೆಗೆಂದು 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯ ಘಟಕವೂ ಇಲ್ಲಿದೆ. ಇಂಥ ಘಟಕಗಳು ನಡೆಯುವುದು ಸಂಬಳವಿಲ್ಲದೆ ದುಡಿಯುವ ವಾಸ್ತುಶಿಲ್ಪಿಗಳು, ಅಧ್ಯಾಪಕರು, ನಿವೃತ್ತರಿಂದ. ಊರಿಗೆ ಸಂಶೋಧನೆಯ ಹಳೆಯ ಪರಂಪರೆಯೂ ಇದೆ. ವಿದರ್ಭ ಸಂಶೋಧನ ಮಂಡಳದಂಥ ಸಂಸ್ಥೆ ಇದ್ದದ್ದು, ಪ್ರಾಚೀನ ವಾಕಾಟಕ ಅರಸರ ಶಾಸನಗಳನ್ನು ವಾಸುದೇವ ವಿಷ್ಣು ಮಿರಾಶಿ 1963ರಲ್ಲಿ ಸಂಪುಟವಾಗಿ ಕೊಟ್ಟದ್ದು ಇದೇ ನೆಲದಲ್ಲಿ. ಕಲ್ಲು, ತಾಮ್ರಪಟಗಳಿಗೆ ಸಂದ ಆ ಶ್ರದ್ಧೆ ಹಾಜರಿ ಪುಸ್ತಕಕ್ಕೂ ಬಾಯ್ಲರಿಗೂ ಸಲ್ಲಬೇಕಾದ ಕಾಲ ಈಗಿನದು.

ಉಳಿಸುವವರು

ಕೈಗಾರಿಕಾ ಪರಂಪರೆಯ ರಕ್ಷಣೆ ಜಗತ್ತಿನಲ್ಲಿ ಬಹುಮಟ್ಟಿಗೆ ಹವ್ಯಾಸಿಗಳಿಂದಲೇ ಆರಂಭವಾಯಿತು. ವೇಲ್ಸಿನ ತಾಲಿತ್ಲಿನ್ ಎಂಬ ಪುಟ್ಟ ರೈಲುಮಾರ್ಗ ಮುಚ್ಚುವ ಹಂತಕ್ಕೆ ಬಂದಾಗ 1951ರಲ್ಲಿ ಸ್ವಯಂಸೇವಕರು ಅದನ್ನು ತಾವೇ ನಡೆಸತೊಡಗಿದರು. ಜಗತ್ತಿನಲ್ಲಿ ಆ ಬಗೆಯ ಮೊದಲ ಪ್ರಯತ್ನ ಅದು. ಸ್ವೀಡನ್ನಿನ ಲೇಖಕ ಸ್ವೆನ್ ಲಿಂಡ್‌ಕ್ವಿಸ್ಟ್ 1978ರಲ್ಲಿ ಬರೆದ ಪುಸ್ತಕ, ಕಾರ್ಮಿಕರು ತಮ್ಮ ಕಾರ್ಖಾನೆಯ ಚರಿತ್ರೆಯನ್ನು ತಾವೇ ಹುಡುಕಿ ಬರೆಯುವ ದಾರಿಯನ್ನು ತೋರಿಸಿತು. 2003ರಲ್ಲಿ ರಷ್ಯದ ನಿಜ್ನಿ ತಗಿಲ್‌ನಲ್ಲಿ ಒಪ್ಪಿದ ಸನ್ನದು, ಕಟ್ಟಡ ಯಂತ್ರಗಳ ಜೊತೆಗೆ ಕಾರ್ಮಿಕರ ಮನೆ, ಕೌಶಲ, ನೆನಪುಗಳನ್ನೂ ಈ ಪರಂಪರೆಯ ಭಾಗವೆಂದು ಹೇಳಿತು. ಮಹಾರಾಷ್ಟ್ರದಲ್ಲಿ ಇದಕ್ಕೆ ಒಳ್ಳೆಯ ಮಾದರಿ ಮುಂಬಯಿಯ ಗಿರಣಿ ಪ್ರದೇಶವಾದ ಗಿರಣ್‌ಗಾಂವ್‌ನದು. ನೀರಾ ಆಡರ್ಕರ್ ಮತ್ತು ಮೀನಾ ಮೆನನ್ ಗಿರಣಿ ಕಾರ್ಮಿಕರ ಮಾತುಗಳನ್ನೇ ಸಂಗ್ರಹಿಸಿ 2004ರಲ್ಲಿ ಪುಸ್ತಕವಾಗಿ ತಂದರು.

ವಿದರ್ಭದಲ್ಲಿಯೂ ಜನರ ಒತ್ತಾಯದ ಉದಾಹರಣೆಯಿದೆ. ಯವತಮಾಳ, ಮೂರ್ತಿಜಾಪುರ, ಅಚಲಪುರಗಳನ್ನು ಜೋಡಿಸುತ್ತಿದ್ದ ಶಕುಂತಲಾ ರೈಲನ್ನು ಹತ್ತಿ ಸಾಗಿಸಲೆಂದು ಕಟ್ಟಿದ್ದು ಕಿಲಿಕ್ ನಿಕ್ಸನ್ ಸಂಸ್ಥೆಯ ಕಂಪನಿ. ದೇಶದ ರೈಲುಗಳು ರಾಷ್ಟ್ರೀಕರಣವಾದ ಮೇಲೂ ಈ ಹಳಿ ಖಾಸಗಿ ಒಡೆತನದಲ್ಲಿಯೇ ಉಳಿಯಿತು. ಮ್ಯಾಂಚೆಸ್ಟರಿನಲ್ಲಿ 1921ರಲ್ಲಿ ತಯಾರಾದ ಉಗಿ ಎಂಜಿನ್ 1994ರವರೆಗೂ ಅದನ್ನು ಎಳೆಯಿತು. ಓಡಾಟ ನಿಂತ ಮೇಲೆ ಸುತ್ತಲಿನ ಊರುಗಳವರು ಶಕುಂತಲೆಯನ್ನು ಉಳಿಸಬೇಕೆಂದು ದನಿ ಎತ್ತುತ್ತಲೇ ಬಂದಿದ್ದಾರೆ.

ಸ್ವಯಂಸೇವಕರ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಪಟ್ಟಿ: ಊರಿನಲ್ಲಿ ಉಳಿದಿರುವ ಜಿನ್ನಿಂಗ್ ಕಾರ್ಖಾನೆ, ಚಿಮಣಿ, ಗೋದಾಮು, ಚಾಳುಗಳನ್ನು ನಕ್ಷೆಯಲ್ಲಿ ಗುರುತಿಸುವುದು. ಎರಡನೆಯದು ಅಳತೆ ಮತ್ತು ಚಿತ್ರ: ಯಂತ್ರದ ಮೇಲಿನ ತಯಾರಕರ ಹೆಸರು, ವರ್ಷ, ಸಂಖ್ಯೆಯ ಫಲಕವನ್ನು ತಪ್ಪದೆ ಬರೆದುಕೊಳ್ಳುವುದು. ಯಂತ್ರ ಗುಜರಿಗೆ ಹೋದ ಮೇಲೆ ಅದರ ವಂಶಾವಳಿ ತಿಳಿಯಲು ಉಳಿಯುವುದು ಇದೊಂದೇ. ಮೂರನೆಯದು ಕಾಗದ: ಪಗಾರ ಚೀಟಿ, ಟೋಕನ್, ಸಂಘದ ಕರಪತ್ರ, ಬೀಳ್ಕೊಡುಗೆಯ ಗುಂಪುಚಿತ್ರ. ನಾಲ್ಕನೆಯದು ಮಾತು: ಜಾಬರ್ ಎಂಬ ಮೇಸ್ತ್ರಿಗಳು, ಮಗ್ಗ ನಡೆಸಿದವರು, ಬಾಯ್ಲರಿಗೆ ಕಲ್ಲಿದ್ದಲು ಹಾಕಿದವರು, ನೂಲು ಸುತ್ತುವ ಖಾತೆಯಲ್ಲಿ ದುಡಿದ ಹೆಂಗಸರು, ಗ್ಯಾಂಗ್‌ಮನ್‌ಗಳನ್ನು ಮಾತಾಡಿಸಿ ಧ್ವನಿ ಮುದ್ರಿಸುವುದು. ನಾಗಪುರದಲ್ಲಿ ಈ ಮಾತು ಮರಾಠಿ, ಹಿಂದಿ, ಹಲ್ಬಿ, ಛತ್ತೀಸಗಢಿಗಳಲ್ಲಿ ಬರುತ್ತದೆ. ಹೊರಗಿನಿಂದ ಬಂದ ತಜ್ಞರಿಗಿಂತ ಅದೇ ಬಸ್ತಿಯಲ್ಲಿ ಬೆಳೆದ ತರುಣ ತರುಣಿಯರು ಇದನ್ನು ಚೆನ್ನಾಗಿ ಮಾಡಬಲ್ಲರು. ಐದನೆಯದು ಹಂಚಿಕೆ: ಸಿಕ್ಕಿದ್ದನ್ನು ಶಾಲೆ, ಗ್ರಂಥಾಲಯ, ಪತ್ರಾಗಾರಗಳಿಗೆ ಪ್ರತಿ ಮಾಡಿ ಕೊಡುವುದು.

ಕರ್ನಾಟಕಕ್ಕೂ ಈ ಪಾಠ ಹೊರಗಿನದಲ್ಲ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿಯೇ ತೆರೆದಿದೆ. ಚಿಕ್ಕಬಳ್ಳಾಪುರದ ಹಳೆಯ ನ್ಯಾರೋಗೇಜ್ ಮಾರ್ಗದ ನಂದಿ, ದೇವನಹಳ್ಳಿಯಂಥ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್‌ನ ಬೆಂಗಳೂರು ಘಟಕ ರೈಲ್ವೆಯೊಂದಿಗೆ ಕೈಜೋಡಿಸಿದೆ. ಆದರೆ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ, ದಾವಣಗೆರೆ ಹುಬ್ಬಳ್ಳಿಗಳ ಹತ್ತಿ ಗಿರಣಿಗಳು, ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ ದುಡಿದವರ ಪೀಳಿಗೆ ಇಳಿವಯಸ್ಸಿನಲ್ಲಿದೆ.

ನಾಗಪುರದ ಅನುಭವ ಹೇಳುವುದು ಇಷ್ಟು. ಒಡೆಯರಿದ್ದ ಪರಂಪರೆ ಉಳಿಯಿತು, ಒಡೆಯರಿಲ್ಲದ್ದು ಮಾರಾಟವಾಯಿತು. ರೈಲ್ವೆ ತನ್ನ ಎಂಜಿನ್ನುಗಳನ್ನು ಕಾಪಾಡಿಕೊಂಡಿತು. ಗಿರಣಿ ಕೈಬದಲಾಗುತ್ತ ಹೋದಂತೆ ಅದರ ಚರಿತ್ರೆಗೆ ಹೊಣೆಗಾರರೇ ಇಲ್ಲವಾದರು. ಆ ಹೊಣೆಯನ್ನು ಊರಿನವರೇ ಹೊರಬೇಕು. ಗಿರಣಿಯಲ್ಲೋ ಗಣಿಯಲ್ಲೋ ರೈಲ್ವೆಯಲ್ಲೋ ದುಡಿದ ಹಿರಿಯರಿರುವ ಪ್ರತಿ ಮನೆಯೂ ಅವರ ಮಾತನ್ನು ಈಗಲೇ ದಾಖಲಿಸಲಿ, ಅವರ ಕಾಗದಗಳನ್ನು ರದ್ದಿಗೆ ಹಾಕದಿರಲಿ.